ಕಲರ್ ಸೋಡಾ ನಿಂತ ಮಳೆಗಾಲ

ಕಳೆದ ತಿಂಗಳು ಒಂದು ಗೃಹಪ್ರವೇಶದ ಊಟ ಮುಗಿಸಿಕೊಂಡು ನಾಗಸಂದ್ರದ ಮೆಟ್ರೋ ಸ್ಟೇಷನ್ನಿನ ಕಡೆ ನಡೆದು ಬರುತ್ತಿದ್ದೆ. ಹೋಳಿಗೆ ಸ್ವಲ್ಪ ಹೆಚ್ಚಾಗಿತ್ತು. ನಡೆದರೆ ಕರಗೀತು ಎಂದು ಮುಖ್ಯರಸ್ತೆ ಬಿಟ್ಟು ಒಳಗಿನ ಗಲ್ಲಿ ಹಿಡಿದೆ. ಅಲ್ಲಿ ನಾಲ್ಕಂತಸ್ತಿನ ಮನೆಯೊಂದರ ಗೇಟಿನ ಪಕ್ಕ ಯಾರೋ ಸ್ಕೂಟರ್ ನಿಲ್ಲಿಸಿ, ಕಳ್ಳರ ಭಯಕ್ಕೆ ಅದನ್ನು ಸರಪಳಿಯಿಂದ ಒಂದು ಗೂಟಕ್ಕೆ ಬಿಗಿದಿದ್ದರು. ಗೂಟ ಹೊಳೆಯುತ್ತಿತ್ತು. ಗೇಟು, ಕಿಟಕಿ, ನಲ್ಲಿ ಎಲ್ಲವೂ ತುಕ್ಕು ಹಿಡಿದಿದ್ದ ಆ ಗಲ್ಲಿಯಲ್ಲಿ ಅದೊಂದು ಮಾತ್ರ ನಿನ್ನೆ ತಾನೇ ಲೇತಿನಿಂದ ಇಳಿದು ಬಂದ ಹಾಗೆ ನಿಂತಿತ್ತು. ಕನ್ನಡಕ ಸರಿಮಾಡಿಕೊಂಡು ಬಗ್ಗಿದೆ. ತಲೆ ನರೆತ ಮನುಷ್ಯ ನಡುಬೀದಿಯಲ್ಲಿ ಗೂಟದ ಮುಂದೆ ಬಗ್ಗಿ ನಿಂತದ್ದನ್ನು ನೋಡಿ ಮಹಡಿಯಿಂದ ಒಂದು ಹುಡುಗಿ ಕೂಗಿದಳು.

"ಅಂಕಲ್, ಏನಾದ್ರೂ ಬಿತ್ತಾ?"

"ಇಲ್ಲಮ್ಮ. ಪರಿಚಯದವರು," ಎಂದೆ.

ಅದು ಗೂಟವಲ್ಲ. ಪಂಪಿನೊಳಗೆ ಕೂತು ತಿರುಗಬೇಕಾಗಿದ್ದ ಸ್ಟೇನ್‌ಲೆಸ್ ಸ್ಟೀಲಿನ ಶಾಫ್ಟು. ಅದು ಗೂಟವಾಗಿ ನೆಲ ಸೇರಿದ್ದಕ್ಕೆ ಕಾರಣ ಭಾರತ ಸರ್ಕಾರ ಸಿಹಿ ಸೋಡಾದ ಮೇಲೆ ಹಾಕಿದ ತೆರಿಗೆ. ಹೀಗೆಂದರೆ ನಂಬುವವರು ಕಡಿಮೆ. ಆದ್ದರಿಂದ ಕ್ರಮವಾಗಿಯೇ ಹೇಳುತ್ತೇನೆ.

ಜಿಎಸ್‌ಟಿ ಬಂದ ವರ್ಷ ನಾನು ಪೀಣ್ಯದ ಒಂದು ಮೆಷಿನ್ ಶಾಪಿನಲ್ಲಿ ಇನ್‌ಸ್ಪೆಕ್ಷನ್ ವಿಭಾಗದ ಮುಖ್ಯಸ್ಥನಾಗಿದ್ದೆ. ವಿಭಾಗ ಎಂದರೆ ನಾನು, ಒಂದು ಗ್ರಾನೈಟ್ ಮೇಜು ಮತ್ತು ಒಂದು ಫ್ಯಾನು. ಫ್ಯಾನು ಆಗಾಗ ರಜೆ ಹಾಕುತ್ತಿದ್ದುದರಿಂದ ನನ್ನ ಮುಖ್ಯಸ್ಥಿಕೆಗೆ ಪೈಪೋಟಿ ಇರಲಿಲ್ಲ. ಕೂದಲೆಳೆಗಿಂತ ಸಣ್ಣ ಲೆಕ್ಕದಲ್ಲಿ ಅಳೆಯುವವನೆಂದು ಹುಡುಗರು ನನ್ನನ್ನು ಮೈಕ್ರಾನ್ ಸಾರ್ ಎನ್ನುತ್ತಿದ್ದರು. ಶೆಡ್ಡಿನಲ್ಲಿ ಸಾಲಾಗಿ ಲೋಹವನ್ನು ತಿರುಗಿಸಿ ಕೆತ್ತುವ ಲೇತುಗಳು, ಮೇಲೆ ತಗಡು, ಎಲ್ಲೆಲ್ಲೂ ಕೆತ್ತುವಾಗ ಬಿಸಿ ತಣಿಸಲು ಸುರಿಯುವ ಹಾಲಿನ ಬಣ್ಣದ ಕೂಲೆಂಟ್ ನೀರಿನ ಹುಳಿ ವಾಸನೆ. ಸಂಜೆ ಮನೆಗೆ ಹೋದರೆ ನಮ್ಮ ಮನೆಯವಳು ಬಾಗಿಲಲ್ಲೇ ಮೂಗು ಮುಚ್ಚಿಕೊಂಡು ಬಚ್ಚಲ ದಾರಿ ತೋರಿಸುತ್ತಿದ್ದಳು.

ನಾವು ಮಾಡುತ್ತಿದ್ದದ್ದು ಪಂಪಿನ ಶಾಫ್ಟುಗಳನ್ನು. ಹೊಸೂರು ರಸ್ತೆಯ ಕಡೆಯ ಒಂದು ಪಂಪ್ ಕಾರ್ಖಾನೆ ನಮ್ಮ ದೊಡ್ಡ ಗಿರಾಕಿ. ಶಾಫ್ಟಿನಲ್ಲಿ ಬೇರಿಂಗ್ ಕೂರುವ ಜಾಗ ಒಂದಿದೆ. ಅಲ್ಲಿ ದಪ್ಪವಾಗಿದ್ದರೆ ಇನ್ನೊಮ್ಮೆ ಲೇತಿಗೆ ಏರಿಸಿ ಕೆತ್ತಬಹುದು. ತೆಳುವಾಯಿತೋ, ಮುಗಿಯಿತು. ತಲೆಗೂದಲಿಗಿಂತ ಕಡಿಮೆ ತೆಳುವಾದರೂ ಸಾಕು, ಬೇರಿಂಗು ಸಡಿಲಾಗಿ ಪಂಪು ಚಳಿಜ್ವರ ಬಂದವರಂತೆ ನಡುಗುತ್ತದೆ. ಕಳೆದ ಲೋಹವನ್ನು ವಾಪಸ್ ಅಂಟಿಸುವ ವಿದ್ಯೆ ನಮ್ಮ ಶೆಡ್ಡಿನಲ್ಲಿ ಇರಲಿಲ್ಲ.

ಹಾಗೆ ತೆಳುವಾದದ್ದಕ್ಕೆಂದೇ ನಮ್ಮಲ್ಲಿ ಒಂದು ಕಾನೂನಿತ್ತು. ಯಾರ ಕೈಯಲ್ಲಿ ಶಾಫ್ಟು ಕೆಟ್ಟಿತೋ ಅವನೇ ಸ್ಪ್ಯಾನರ್ ತೆಗೆದುಕೊಂಡು ಲೇತಿನ ಮೈಗೆ ಮೂರು ಸಲ ಬಡಿಯಬೇಕು. ಟಣ್, ಟಣ್, ಟಣ್. ಬಡಿದ ಕೂಡಲೇ ಇಡೀ ಸಾಲಿನಿಂದ ಒಂದೇ ಕೂಗು: "ಸೋಡಾ!" ಫೋರ್‌ಮನ್ ಇಬ್ರಾಹಿಂ ಸಾಬರು ಗಂಭೀರವಾಗಿ ನಡೆದು ಬಂದು, ಕೆಟ್ಟ ಶಾಫ್ಟಿಗೆ ಕೆಂಪು ಬಳಿದು ಕೆಂಪು ಟ್ರೇಗೆ ಹಾಕುವರು. ನಾಲ್ಕು ಗಂಟೆಯ ಬಿಡುವಿಗೆ ಗೇಟಿನಾಚೆಯ ಗೌರಮ್ಮನವರ ಅಂಗಡಿಯಿಂದ ಆ ಸಾಲಿಗೆಲ್ಲ ಕಲರ್ ಸೋಡಾ ಬರುವುದು. ಖರ್ಚು ಕೆಡಿಸಿದವನದು, ಮೊದಲ ಬಾಟಲಿಯ ಗೌರವವೂ ಅವನದೇ. ಎಲ್ಲರೂ ಕುಡಿದು ತೇಗು ಬಂದಮೇಲೆ ಆ ಶಾಫ್ಟಿನ ಮಾತನ್ನು ಯಾರೂ ಎತ್ತುವಂತಿಲ್ಲ. ತೇಗೇ ರಸೀದಿ.

ಯಜಮಾನರೂ ಎತ್ತುವಂತಿರಲಿಲ್ಲ. ಏಕೆಂದರೆ ಈ ಕಾನೂನಿನ ಮೊದಲ ಅಪರಾಧಿ ಅವರೇ. ಬಹಳ ಹಿಂದೆ, ಒಂದೇ ಒಂದು ಹಳೇ ಲೇತು ಹಾಕಿಕೊಂಡು ಅವರೂ ಸಾಬರೂ ಇಬ್ಬರೇ ದುಡಿಯುತ್ತಿದ್ದ ಕಾಲದಲ್ಲಿ, ಯಜಮಾನರು ಒಂದು ಶಾಫ್ಟು ಕೆಡಿಸಿದರಂತೆ. ಸಾಬರು ಬಯ್ಯಲಿಲ್ಲ. "ಸೋಡಾ ಕುಡ್ಸು ಗುರು, ಮರ್ತ್ಬಿಡೋಣ," ಎಂದರಂತೆ. ಅಂದಿನಿಂದ ಬಂದದ್ದು ಇದು. ಯಜಮಾನರಿಗೆ ಆಮೇಲೆ ಎಸಿ ರೂಮು, ಕಾರು, ರಕ್ತದೊತ್ತಡ ಎಲ್ಲ ಬಂದರೂ ಸೋಡಾ ಕಾನೂನಿನ ತಂಟೆಗೆ ಬಂದಿರಲಿಲ್ಲ.

ಈ ವ್ಯವಸ್ಥೆಯಿಂದ ನನಗಂತೂ ಪರಮ ಸುಖ. ಕೆಟ್ಟದ್ದನ್ನು ಕೆಡಿಸಿದವನೇ ಡಂಗುರ ಹೊಡೆದು ಒಪ್ಪಿಸುವಾಗ ಇನ್‌ಸ್ಪೆಕ್ಟರಿಗೆ ಏನು ಕೆಲಸ? ಹತ್ತರಲ್ಲಿ ಒಂದನ್ನು ಅಳೆದು ಉಳಿದದ್ದಕ್ಕೆ ಸಹಿ ಹಾಕುತ್ತಿದ್ದೆ. ಗಿರಾಕಿಯಿಂದ ದೂರು ಬಂದ ನೆನಪೇ ಇರಲಿಲ್ಲ.

ಸಾಬರಿಗೆ ಮಾತ್ರ ಒಂದು ತೊಂದರೆಯಿತ್ತು. ಅವರಿಗೆ ಸಕ್ಕರೆ ಕಾಯಿಲೆ. ಡಾಕ್ಟರು ಸೋಡಾ ಬಿಡಿ ಎಂದರೆ, "ನಾನೆಲ್ಲಿ ಕುಡೀತೀನಿ ಡಾಕ್ಟ್ರೇ, ಹುಡುಗ್ರು ತಪ್ಪು ಮಾಡ್ತಾರೆ, ನಾನು ಕುಡೀಬೇಕಾಗತ್ತೆ," ಎಂದು ಬಂದಿದ್ದರು.

ಗೌರಮ್ಮನವರದ್ದು ಆ ಊರಿನದೇ ಒಕ್ಕಲು ಮನೆತನ. ಕಾರ್ಖಾನೆಗಳು ಏಳುವ ಮೊದಲು ನಮ್ಮ ಶೆಡ್ಡಿದ್ದ ಜಾಗದಲ್ಲಿ ಅವರ ರಾಗಿ ಹೊಲವಿತ್ತು. ಈಗ ಅವರಿಗೆ ಸಾಲು ಬಾಡಿಗೆ ರೂಮುಗಳು, ಒಂದು ಅಂಗಡಿ, ಒಂದು ಹಸು. ಬಾಡಿಗೆಯಲ್ಲೇ ಕಾಲ ಹಾಕಬಹುದಾಗಿದ್ದರೂ, ಗೇಟಿಗೆ ಬಂದು ಹೋಗುವವರ ಮುಖ ನೋಡದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಅವರ ಸೋಡಾ ಬರುತ್ತಿದ್ದದ್ದು ಮಾದನಾಯಕನಹಳ್ಳಿಯ ಹತ್ತಿರದ ಒಬ್ಬ ಸಣ್ಣ ತಯಾರಕನಿಂದ. ಗಾಜಿನ ಬಾಟಲಿ, ಕಿತ್ತಳೆ ಬಣ್ಣ, ಕುಡಿದ ಮೇಲೆ ಸಂಜೆವರೆಗೆ ನಾಲಗೆಯೂ ಕಿತ್ತಳೆ. ಯಾವ ಸಾಲಿನಲ್ಲಿ ಶಾಫ್ಟು ಕೆಟ್ಟಿತು ಎಂಬುದು ನಾಲಗೆ ನೋಡಿದರೇ ಗೊತ್ತಾಗುತ್ತಿತ್ತು.

ಅವರ ರೂಮುಗಳಲ್ಲೊಂದರಲ್ಲಿ ಬಸವರಾಜನಿದ್ದ. ಗದಗದ ಕಡೆ ರೋಣದವನು, ನಮ್ಮಲ್ಲಿ ಲೇತು ನಡೆಸುವ ಟರ್ನರ್, ಇನ್ನೂ ಟೆಂಪರರಿ. ಆಯುಧಪೂಜೆಗೆ ಪರ್ಮನೆಂಟ್ ಮಾಡುತ್ತೇವೆಂದು ಯಜಮಾನರು ಮಾತು ಕೊಟ್ಟಿದ್ದರು. ಅವನಿಗೆ ಆ ವರ್ಷ ಯುಗಾದಿ ಕಳೆದ ಮೇಲೆ ಮದುವೆಯಾಗಿತ್ತು. ಹೆಂಡತಿ ಮಾತ್ರ ತವರಲ್ಲೇ ಇದ್ದಳು. ಏನಪ್ಪಾ ಸಮಾಚಾರ ಎಂದು ನಾನು ಕೇಳಿದಾಗ ಅವನು ಮುಖ ಸಣ್ಣಗೆ ಮಾಡಿಕೊಂಡು, "ನಮ್ಮ ಮಾವ ಭಾಳ ಗಟ್ಟಿ ಮನಶಾ ರೀ ಸರ. ಟೆಂಪರರಿ ಅಳಿಯಗ ಮಗಳನ್ನ ಹೆಂಗ ಕಳಸ್ಲಿ, ಪರ್ಮನೆಂಟ್ ಆಗಿ ಬಾ ಅಂತಾರ್ರೀ," ಎಂದಿದ್ದ. ಹೀಗಾಗಿ ಒಂದು ಸಂಸಾರ ನಮ್ಮ ಯಜಮಾನರ ಸಹಿಗೆ ಕಾದು ನಿಂತಿತ್ತು.

ಜುಲೈ ಬಂತು. ತೆರಿಗೆಯೂ ಬಂತು. ದೇಶದ ಆರೋಗ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೋ, ಬೊಕ್ಕಸದ ಆರೋಗ್ಯವನ್ನು ಮನಸ್ಸಿನಲ್ಲಿಟ್ಟುಕೊಂಡೋ, ಗ್ಯಾಸು ತುಂಬಿದ ಸಿಹಿ ಪಾನೀಯಗಳನ್ನು ತಂಬಾಕು, ಪಾನ್ ಮಸಾಲಗಳ ಪಂಕ್ತಿಯಲ್ಲಿ ಕೂರಿಸಿ, ಎಲ್ಲಕ್ಕಿಂತ ಮೇಲಿನ ತೆರಿಗೆ, ಅದರ ಮೇಲೊಂದು ಸೆಸ್ಸು ಹಾಕಿದ್ದರು. ಬಿಡುವಿನಲ್ಲಿ ನಾನು ಪೇಪರು ಓದಿ ಹೇಳಿದೆ. ಸಾಬರಿಗೆ ಬೆಲೆಗಿಂತ ಪಂಕ್ತಿಯೇ ನೋವಾಯಿತು.

"ಗುಟ್ಕಾ ಪಕ್ಕ ಕೂರ್ಸಿದ್ದಾರಾ ಸಾರ್ ನಮ್ಮ ಸೋಡಾನ? ಅರೆ, ಮಕ್ಕಳು ಕುಡಿಯೋದು ಸಾರ್ ಅದು!"

"ಅದಕ್ಕೇ ಹಾಕಿರೋದಂತೆ," ಎಂದೆ.

ದೊಡ್ಡ ಕಂಪನಿಗಳಿಗೆ ಮೊದಲೂ ಹೆಚ್ಚುಕಡಿಮೆ ಅಷ್ಟೇ ಹೊರೆ ಇತ್ತೆಂದು ಬಲ್ಲವರು ಹೇಳುತ್ತಿದ್ದರು. ಪೆಟ್ಟು ಬಿದ್ದದ್ದು ಮಾದನಾಯಕನಹಳ್ಳಿಯವನಿಗೆ. ಅದುವರೆಗೆ ಸಣ್ಣವನೆಂದು ಅವನನ್ನು ಯಾರೂ ಕೇಳಿರಲಿಲ್ಲ. ಈಗ ತೆರಿಗೆ ಸೇರಿಸಿದರೆ ಅವನ ಬಾಟಲಿಗೂ ಕಂಪನಿ ಬಾಟಲಿಗೂ ಬೆಲೆಯಲ್ಲಿ ವ್ಯತ್ಯಾಸವೇ ಉಳಿಯಲಿಲ್ಲ. ಎರಡು ವಾರ ಲೆಕ್ಕಪತ್ರದವರ ಹತ್ತಿರ ಅಲೆದು, ಮೂರನೆಯ ವಾರ ಮೆಷಿನು ಮಾರಿ, ನೀರಿನ ಕ್ಯಾನ್ ಹಾಕುವ ಕೆಲಸ ಹಿಡಿದ. ಕೊನೆಯ ಸಲ ಬಂದವನು ಖಾಲಿ ಬಾಟಲಿಗಳನ್ನು ವಾಪಸ್ ಒಯ್ಯಲೂ ಇಲ್ಲ. ಗೌರಮ್ಮನವರ ಕೊಟ್ಟಿಗೆಯಲ್ಲಿ ಕ್ರೇಟುಗಳು ಹಾಗೇ ಉಳಿದವು.

ಇನ್ನು ಉಳಿದದ್ದು ಕಂಪನಿಯ ಪ್ಲಾಸ್ಟಿಕ್ ಬಾಟಲಿ. ಸಾಲಿಗೆಲ್ಲ ಅದನ್ನು ಕುಡಿಸಲು ಹೊರಟರೆ ಒಬ್ಬ ಟೆಂಪರರಿಯವನ ದಿನದ ಕೂಲಿ ಮೂತಿ ಒರೆಸುವಷ್ಟರಲ್ಲಿ ಮುಗಿಯುತ್ತಿತ್ತು. ಸಾಬರ ಅಧ್ಯಕ್ಷತೆಯಲ್ಲಿ ಸಮಾಲೋಚನೆ ನಡೆಯಿತು. ಟೀ ಆಗಬಹುದೇ? ಟೀ ಕಾರ್ಖಾನೆಯಿಂದಲೇ ಪುಕ್ಕಟೆ ಬರುವ ಪದಾರ್ಥ, ಅದರಿಂದ ಪ್ರಾಯಶ್ಚಿತ್ತವಾಗುವುದಿಲ್ಲ. ಹಣ್ಣಿನ ರಸಕ್ಕೆ ತೆರಿಗೆ ಕಡಿಮೆ ಎಂದು ಯಾರೋ ಕಂಡುಹಿಡಿದು, ಒಂದು ದಿನ ಮಾವಿನ ರಸದ ಡಬ್ಬಿಗಳು ಬಂದವು. ಅದರಲ್ಲಿ ಸಕ್ಕರೆ ಸೋಡಾಕ್ಕಿಂತ ಒಂದು ಕೈ ಮೇಲೆಯೇ ಇತ್ತು. ಆದರೂ ಮಾವಿನ ಹೆಸರಿನಿಂದ ಅದಕ್ಕೆ ಕ್ಷಮೆ ಸಿಕ್ಕಿತ್ತು. ಎಲ್ಲರೂ ಹೀರಿ ಮುಗಿಸಿ ಕಾದರು. ತೇಗು ಬರಲಿಲ್ಲ.

"ನಡೆಯಲ್ಲ," ಎಂದರು ಸಾಬರು. "ಗ್ಯಾಸಿಲ್ಲ. ತೇಗಿಲ್ಲದೆ ಕೇಸ್ ಕ್ಲೋಸ್ ಮಾಡೋದ್ ಹೆಂಗೆ?"

ಕಾನೂನು ಬದಲಾಗಲಿಲ್ಲ. ಸೋಡಾ ದುಬಾರಿಯೇ ಆಗಿತ್ತು. ಆಗಸ್ಟ್ ಬರುವ ಹೊತ್ತಿಗೆ ಸ್ಪ್ಯಾನರ್ ಸದ್ದು ನಿಂತುಹೋಯಿತು.

ಆ ವರ್ಷ ಬೆಂಗಳೂರಿಗೆ ಮಳೆ ವಿಪರೀತ. ಮಧ್ಯಾಹ್ನ ಮೂರಕ್ಕೆ ಮೋಡ ಕಟ್ಟಿದರೆ ತಗಡಿನ ಮೇಲೆ ಸುರಿಯುವ ಸದ್ದಿಗೆ ಲೇತಿನ ಸದ್ದೇ ಕೇಳುತ್ತಿರಲಿಲ್ಲ. ರಸ್ತೆಯ ಕೆಸರು ಶೆಡ್ಡಿನೊಳಗೆ, ಶೆಡ್ಡಿನ ಕೂಲೆಂಟು ರಸ್ತೆಗೆ. ಸ್ಪ್ಯಾನರ್ ಬಡಿತ ಮಳೆಯಲ್ಲಿ ನನಗೆ ಕೇಳಿಸುತ್ತಿಲ್ಲವೇನೋ ಎಂದು ಮೊದಲು ಅಂದುಕೊಂಡೆ. ಆದರೆ ಕೆಂಪು ಟ್ರೇ ಕೂಡ ಖಾಲಿ. ಅದರ ತಳದಲ್ಲಿ ಮಳೆನೀರು ತೊಟ್ಟಿಕ್ಕಿ ನಿಂತಿತ್ತು.

ಯಜಮಾನರಿಗೆ ಹಿಗ್ಗೋ ಹಿಗ್ಗು. ಒಂದು ಬೋರ್ಡು ಬರೆಸಿದರು: "ರಿಜೆಕ್ಷನ್ ಸೊನ್ನೆ." ಸೊನ್ನೆಯನ್ನು ಚಿನ್ನದ ಬಣ್ಣದಲ್ಲಿ, ದೇವರ ಪ್ರಭಾವಳಿಯಷ್ಟು ದೊಡ್ಡದಾಗಿ ಬರೆಸಿ, ಎಲ್ಲರಿಗೂ ಮೈಸೂರುಪಾಕು ಹಂಚಿದರು. ಹುಡುಗರು ತಲೆ ತಗ್ಗಿಸಿಕೊಂಡು ತಿಂದರು. ವಿನಯವೆಂದು ಯಜಮಾನರು ತಿಳಿದರು.

ಅದೇ ವಾರ ಒಂದು ಸಂಜೆ ಮಳೆಗೆ ಸಿಕ್ಕಿ ಗೌರಮ್ಮನವರ ಅಂಗಡಿ ಹಿಂದಿನ ಕೊಟ್ಟಿಗೆಯಲ್ಲಿ ನಿಂತೆ. ಅಲ್ಲಿ ಹಸು ಮೆಲುಕು ಹಾಕುತ್ತಿತ್ತು. ಅದನ್ನು ಕಟ್ಟಿದ್ದ ಗೂಟ ನೋಡಿ ನನ್ನ ಕಣ್ಣು ಅಲ್ಲೇ ನಿಂತಿತು.

"ಗೌರಮ್ಮ, ಈ ಗೂಟ ಎಲ್ಲಿಂದ ಬಂತು?"

"ನಮ್ ಬಸ್ರಾಜ ತಂದ್ಕೊಟ್ಟ ಸಾಮಿ. ಮರದ್ದು ಮಳೇಗೆ ಲಡ್ಡಾಗೋಗಿತ್ತು. ಒಳ್ಳೇ ಉಡುಗ ಪಾಪ. ಅಂಗೇ ಆ ಮೂಲೆ ರೂಮ್ನೋರು ಬಟ್ಟೆ ಒಣಾಕಕ್ಕೂ ಒಂದ್ ಇಂತದ್ದೇ ಆಕ್ಕೊಂಡವ್ರೆ. ನಿಮ್ ಪ್ಯಾಕ್ಟ್ರೀಲಿ ಪುಕ್ಕಟೆ ಕೊಡ್ತಾರಂತಲ್ಲ?"

ನಾನು ಬಗ್ಗಿ ಬೆರಳಾಡಿಸಿದೆ. ಬೇರಿಂಗ್ ಕೂರುವ ಜಾಗಕ್ಕೆ ಹಸುವಿನ ಹಗ್ಗ ಸುತ್ತಿತ್ತು. ಸೊನ್ನೆಯ ರಹಸ್ಯ ನನಗೆ ತಿಳಿಯಿತು. ಆ ಮಳೆಗಾಲದಲ್ಲಿ ನಮ್ಮ ಹುಡುಗರ ಮಡಚಿದ ಕೊಡೆಗಳೇಕೆ ಅಷ್ಟು ಬಿಗಿಯಾಗಿ ಕಂಕುಳಲ್ಲಿರುತ್ತಿದ್ದವು, ಸುರಿವ ಮಳೆಯಲ್ಲೂ ಕೆಲವರು ಕೊಡೆ ಬಿಚ್ಚದೆ ನೆನೆದುಕೊಂಡೇ ಏಕೆ ಹೋಗುತ್ತಿದ್ದರು ಎಂಬುದೂ ತಿಳಿಯಿತು.

ಮರುದಿನ ಯಜಮಾನರ ಹತ್ತಿರ ಹೋದೆ. ಯಾರ ಹೆಸರೂ ಹೇಳಲಿಲ್ಲ, ಗೂಟದ ಮಾತೂ ಎತ್ತಲಿಲ್ಲ. ಕೆಟ್ಟ ಮಾಲು ಹೊರಗೆ ಹೋಗುತ್ತಿರುವಂತಿದೆ, ಇನ್ನು ಹತ್ತರಲ್ಲಿ ಒಂದು ನೋಡಿದರೆ ಸಾಲದು, ಎಲ್ಲವನ್ನೂ ಅಳೆಯಬೇಕು, ಅದಕ್ಕೆ ಇನ್ನಿಬ್ಬರು ಬೇಕು ಎಂದೆ.

"ಏನ್ರೀ ನೀವು," ಎಂದು ಅವರು ಬೋರ್ಡಿನ ಕಡೆ ಕೈ ತೋರಿಸಿದರು. "ರಿಜೆಕ್ಷನ್ ಇದ್ದಾಗ ಒಬ್ರೇ ನೋಡ್ತಿದ್ರಿ. ಈಗ ಸೊನ್ನೆ ಆಗಿದೆ, ಮೂರು ಜನ ಬೇಕಾ?"

ತರ್ಕದಲ್ಲಿ ಲೋಪವಿರಲಿಲ್ಲ. ಮಾಲು ಹೊರಗೆ ಹೋಗುತ್ತದೆಂಬ ಮಾತೊಂದನ್ನು ಮಾತ್ರ ಹಿಡಿದುಕೊಂಡು, ಮರುದಿನದಿಂದ ಗೇಟಿನಲ್ಲಿ ತಪಾಸಣೆ ಹಾಕಿಸಿದರು. ವಾಚ್‌ಮನ್ ಬ್ಯಾಗು, ಊಟದ ಡಬ್ಬಿ, ಕೊಡೆ ಎಲ್ಲ ಬಿಚ್ಚಿ ನೋಡತೊಡಗಿದ. ಹುಡುಗರ ಪಾಲಿಗೆ ಕೆಟ್ಟ ಶಾಫ್ಟು ಹೊರಗೂ ಹೋಗುವಂತಿಲ್ಲ, ಒಳಗೂ ಒಪ್ಪಿಸುವಂತಿಲ್ಲ ಎಂದಾಯಿತು. ಉಳಿದದ್ದು ಒಂದೇ ದಾರಿ. ಒಳ್ಳೆಯ ಶಾಫ್ಟುಗಳ ನಡುವೆ ಮಲಗಿಸುವುದು.

ಸೆಪ್ಟೆಂಬರಿನಲ್ಲಿ ಪಂಪ್ ಕಾರ್ಖಾನೆಯಿಂದ ಫೋನು ಬಂತು. ಒಂದು ಪಂಪು ನಡುಗಿತಂತೆ. ಬಿಚ್ಚಿ ನೋಡಿದರೆ ಶಾಫ್ಟು ತೆಳು. ಅವರು ನಮ್ಮ ಮಾಲನ್ನೆಲ್ಲ ತಡೆಹಿಡಿದು, ಆ ಒಂದು ಶಾಫ್ಟನ್ನು ಹಳೇ ಪೇಪರಿನಲ್ಲಿ ಸುತ್ತಿ ವಾಪಸ್ ಕಳಿಸಿದರು. ಯಜಮಾನರು ಅದನ್ನು ನನ್ನ ಮೇಜಿನ ಮೇಲಿಟ್ಟರು. ಮುಖ ಕೆಂಪಾಗಿತ್ತು.

"ಸೋಮವಾರ ನಾಲ್ಕು ಗಂಟೆಗೆ ಶೆಡ್ಡಿಗೆ ಬರ್ತೀನಿ. ಯಾರು ಮಾಡಿದ್ದು ಅಂತ ಹೆಸರು ಬೇಕು. ಹೆಸರು ಬಂದ್ರೆ ಅವನೊಬ್ಬ ಮನೆಗೆ. ಬರ್ಲಿಲ್ಲ ಅಂದ್ರೆ ಟೆಂಪರರಿ ಇರೋರೆಲ್ಲ ಮನೆಗೆ."

ಗೂಟ ತಂದುಕೊಟ್ಟವನನ್ನೇ ಮೊದಲು ವಿಚಾರಿಸೋಣವೆಂದು ಭಾನುವಾರ ಬೆಳಿಗ್ಗೆ ಸಾಬರನ್ನೂ ಕರೆದುಕೊಂಡು ಗೌರಮ್ಮನವರ ಅಂಗಡಿಗೆ ಹೋದೆ. ನಾವು ಕೂರುವುದಕ್ಕಿಲ್ಲ, ಬಸವರಾಜ ಮೆಟ್ಟಿಲಿಳಿದು ಬಂದ. ನಮ್ಮಿಬ್ಬರನ್ನೂ ಒಟ್ಟಿಗೆ ನೋಡಿದವನು ಕೇಳುವ ಮೊದಲೇ ಹೇಳಿದ.

"ಅದು ನಂದಾ ರೀ ಸರ."

"ಯಾಕೋ ಮಗಾ ಹಂಗ್ ಮಾಡ್ದೆ?" ಎಂದರು ಸಾಬರು. ಅವರ ದನಿಯಲ್ಲಿ ಸಿಟ್ಟಿಗಿಂತ ಅವಮಾನ ಹೆಚ್ಚಿತ್ತು. "ಸ್ಪ್ಯಾನರ್ ಇರ್ಲಿಲ್ವಾ ಕೈಯಲ್ಲಿ?"

"ಸ್ಪ್ಯಾನರ್ ಇತ್ರೀ ಚಾಚಾ. ರೊಕ್ಕ ಇರ್ಲಿಲ್ಲ. ಸಾಲಿಗೆಲ್ಲ ಆ ದೊಡ್ಡ ಬಾಟ್ಲಿ ಕುಡಸ್ಬೇಕಂದ್ರ ನಾ ವಾರಗಟ್ಲೆ ಬರೇ ಅನ್ನ ಉಣಬೇಕ್ರಿ. ಬಡದು, ಕುಡಸ್ಲಿಕ್ಕೆ ಆಗ್ಲಿಲ್ಲಂದ್ರ ಎಲ್ಲಾರ ಮುಂದ ಮಾನ ಹೋಗತೈತಿ. ಸುಮ್ನಾದ್ನಿ. ಈಗ ಹೇಳ್ಬೇಕಂದ್ರ ಕೆಲಸಾನ ಹೋಗತೈತಿ. ಹೇಳದಿದ್ರ ಉಳದ ಹುಡುಗ್ರದ್ದೆಲ್ಲಾ ಹೋಗತೈತಿ. ನಿನ್ನೆ ಮಾವಗ ಫೋನ್ ಮಾಡಿದ್ನಿರಿ, ದಸರಾಕ್ಕ ಕರಕೊಂಡ್ ಹೋಗ್ತೇನಿ ಅಂತ ಹೇಳ್ಬಿಟ್ಟೇನಿ."

ಸಾಬರು ಗಡ್ಡ ನೀವಿಕೊಂಡರು. ಆಮೇಲೆ ತೀರ್ಪು ಕೊಟ್ಟರು. ಸೋಡಾ ಕುಡಿಸಿಲ್ಲವೆಂದರೆ ಕೇಸು ಇನ್ನೂ ತೆರೆದೇ ಇದೆ. ಸ್ಪ್ಯಾನರನ್ನು ತಡವಾಗಿ ಬಡಿಯಬಾರದೆಂದು ಎಲ್ಲೂ ಇಲ್ಲ. ಯಜಮಾನರು ಶೆಡ್ಡಿನೊಳಗೆ ನಿಂತಿರುವಾಗಲೇ ಬಡಿಯಬೇಕು. ಅವರು ಕುಡಿದರೆ ಬಚಾವು. ಕುಡಿಯದಿದ್ದರೆ ದೇವರೇ ಗತಿ. ಆದರೆ ಅಪರಾಧ ದೊಡ್ಡದಾದ್ದರಿಂದ ಒಂದು ಸಾಲಿಗಲ್ಲ, ಇಡೀ ಶೆಡ್ಡಿಗೇ ಕುಡಿಸಬೇಕು.

"ಇಡೀ ಶೆಡ್ಡಿಗೆ?" ಬಸವರಾಜ ಬೆರಳು ಮಡಚಿ ತಲೆ ಎಣಿಸತೊಡಗಿದ.

ಅಷ್ಟರವರೆಗೆ ಸೊಪ್ಪು ಬಿಡಿಸುತ್ತ ಕೂತಿದ್ದ ಗೌರಮ್ಮನವರು ತಲೆಯೆತ್ತಿದರು. ಎರಡು ತಿಂಗಳಿಂದ ಅವರಿಗೆ ವ್ಯಾಪಾರವಿರಲಿಲ್ಲ; ಈಗ ಬಾಡಿಗೆಯವನೂ ಹೋಗುವ ಹಾಗೆ ಕಾಣುತ್ತಿತ್ತು.

"ಅಲ್ಲಾ ಸಾಬ್ರೇ, ಸೋಡಾನೇ ಯಾಕಾಗ್ಬೇಕು? ನಮ್ಮನೇಲಿ ಮಜ್ಜಿಗೆ ಚೆಲ್ಲಾಡ್ತದೆ. ಈ ಮಳೇಲಿ ಒಬ್ರಾದ್ರೂ ಮೊಸ್ರು ಕೇಳಾಕಿಲ್ಲ."

"ಮಜ್ಜಿಗೇಲಿ ಗ್ಯಾಸ್ ಇಲ್ಲ ಗೌರಕ್ಕ. ತೇಗು ಬರ್ಬೇಕು. ಅದು ರೂಲು."

"ತೇಗು ಬರಲ್ವಾ? ಕೂತ್ಕಳಿ ಅಲ್ಲೇ."

ಒಳಗೆ ಹೋದವರು ಶುಂಠಿ, ಹಸಿಮೆಣಸು, ಇಂಗು ಜಜ್ಜಿ ಹಾಕಿದ ಮಜ್ಜಿಗೆಯನ್ನು ಒಂದು ದೊಡ್ಡ ಲೋಟದಲ್ಲಿ ತಂದುಕೊಟ್ಟರು. ಸಾಬರು ನ್ಯಾಯಾಧೀಶರ ಮುಖ ಮಾಡಿಕೊಂಡು ಒಂದೇ ಉಸಿರಿಗೆ ಕುಡಿದು ಕಣ್ಣು ಮುಚ್ಚಿ ಕೂತರು. ಹಸು ಕೂಡ ಮೆಲುಕು ನಿಲ್ಲಿಸಿ ನೋಡಿತು. ಸ್ವಲ್ಪ ಹೊತ್ತಿಗೆ ಅವರ ಎದೆಯಾಳದಿಂದ ಅನುಮೋದನೆ ಹೊರಬಿತ್ತು.

"ನಡೆಯತ್ತೆ," ಎಂದರು. "ಆದ್ರೆ ಬಾಟ್ಲೀಲೇ ಬರ್ಬೇಕು. ಲೋಟದಲ್ಲಿ ಕೊಟ್ರೆ ಊಟ ಆಗ್ಬಿಡತ್ತೆ."

ಬಾಟಲಿಗಳು ಕೊಟ್ಟಿಗೆಯಲ್ಲೇ ಇದ್ದವು. ಆ ಭಾನುವಾರ ಮಧ್ಯಾಹ್ನವೆಲ್ಲ ಬಸವರಾಜ ಕೂತು ಅವನ್ನು ಬೂದಿ ಹಾಕಿ ತೊಳೆದ.

ಸೋಮವಾರ ನಾಲ್ಕಕ್ಕೆ ಮಳೆ ಹಿಡಿದಿತ್ತು. ಯಜಮಾನರು ಬೋರ್ಡಿನ ಕೆಳಗೆ ಬಂದು ನಿಂತರು. ಕೈಯಲ್ಲಿ ಆ ಶಾಫ್ಟು. ಮೆಷಿನುಗಳು ಒಂದೊಂದಾಗಿ ನಿಂತವು.

"ಹೆಸರು ಹೇಳ್ತೀರೋ, ಇಲ್ಲ ನಾನೇ..." ಎಂದು ಅವರು ಶುರುಮಾಡಿದರು.

ಟಣ್, ಟಣ್, ಟಣ್.

ಎರಡು ತಿಂಗಳ ಮೇಲೆ ಕೇಳಿದ ಸದ್ದು. ಬಸವರಾಜ ಸ್ಪ್ಯಾನರ್ ಹಿಡಿದುಕೊಂಡೇ ನಿಂತಿದ್ದ. ಆಮೇಲೆ ಸಾಬರೊಬ್ಬರೇ, ವಯಸ್ಸಾದ ಗಂಟಲಿನಲ್ಲಿ, ಕೂಗಿದರು: "ಸೋಡಾ!" ಅವರ ಹಿಂದೆ ಒಬ್ಬ, ಅವನ ಹಿಂದೆ ಇನ್ನಿಬ್ಬರು, ಕೊನೆಗೆ ತಗಡು ಅದುರುವ ಹಾಗೆ ಇಡೀ ಶೆಡ್ಡು.

"ಸಾಹೇಬ್ರ, ಆ ತೆಳ್ಳಂದು ನಂದಾ ರೀ," ಎಂದ ಬಸವರಾಜ.

ಯಜಮಾನರು ಬಾಯಿ ತೆರೆಯುವಷ್ಟರಲ್ಲಿ ಗೌರಮ್ಮನವರು ತಲೆಗೆ ಗೋಣಿ ಹೊದ್ದುಕೊಂಡು ಒಳಗೆ ಬಂದರು. ಹಿಂದೆ ವಾಚ್‌ಮನ್ ಕ್ರೇಟು ಹೊತ್ತು ತಂದ. ಪದ್ಧತಿಯಂತೆ ಮೊದಲ ಬಾಟಲಿ ಬಸವರಾಜನಿಗೆ. ಅವನು ಕುಡಿದ. ಬಾಟಲಿಗಳು ಸಾಲು ಸಾಲಿಗೆ ಹೋದವು. ಒಂದು ನನಗೂ ಬಂತು. ಕೊನೆಯದನ್ನು ಸಾಬರು ತಾವೇ ತೆಗೆದುಕೊಂಡು ಹೋಗಿ ಯಜಮಾನರ ಮುಂದೆ ಹಿಡಿದರು. ಒಂದೇ ಲೇತಿನ ಕಾಲದಿಂದ ಅವರಿಬ್ಬರ ನಡುವೆ ಬಹಳಷ್ಟು ಮಾತು ಹೀಗೇ ನಡೆದಿತ್ತು.

ಯಜಮಾನರು ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿದರು.

"ಬೆಳ್ಳಗಿದೆ. ಏನಿದು?"

"ಮಜ್ಜಿಗೆ ಕಣಪ್ಪಾ," ಎಂದರು ಗೌರಮ್ಮ. ಯಜಮಾನರು ಸೈಕಲ್ಲಿನಲ್ಲಿ ಬ್ಯಾಂಕಿಗೆ ಓಡಾಡುತ್ತಿದ್ದ ದಿನಗಳನ್ನು ಕಂಡವರಾದ್ದರಿಂದ ಅವರಿಗೆ ಬಹುವಚನ ಬರುತ್ತಿರಲಿಲ್ಲ. "ಇದ್ರ ಮ್ಯಾಲೆ ದಿಲ್ಲಿಯೋರು ಇನ್ನೂ ಕಣ್ ಆಕಿಲ್ಲ. ಕುಡಿ, ನಿನ್ ಗೂಟಕ್ಕೆ ಕಟ್ಟಿರೋ ಅಸೀಂದೇ."

"ನನ್ನ ಗೂಟ? ಯಾವ ಗೂಟ?"

"ಇದೇ ಅಲ್ವಾ, ನಿನ್ ಕೈಯಾಗೈತಲ್ಲ, ಅಂತದ್ದು. ಬಸ್ರಾಜ ತಂದಿದ್ದು."

ಸಾಬರು ಕಣ್ಣು ಮುಚ್ಚಿಕೊಂಡರು. ನಾನು ನನ್ನ ಬಾಟಲಿಯ ತಳ ಪರೀಕ್ಷಿಸತೊಡಗಿದೆ. ಯಜಮಾನರು ಕೈಯಲ್ಲಿದ್ದ ಶಾಫ್ಟು ನೋಡಿದರು, ಬಾಟಲಿ ನೋಡಿದರು, ಬಸವರಾಜನನ್ನು ನೋಡಿದರು.

"ಅದೂ ನಂದಾ ರೀ," ಎಂದ ಅವನು, ಕೇಳುವವರಿಗೆ ಮಾತ್ರ ಕೇಳುವಷ್ಟು ಮೆಲ್ಲಗೆ.

ಯಜಮಾನರು ತಲೆಯ ಮೇಲಿನ ಚಿನ್ನದ ಸೊನ್ನೆಯ ಕಡೆ ಒಮ್ಮೆ ಕತ್ತೆತ್ತಿದರು. ಆಮೇಲೆ ಬಾಟಲಿಯನ್ನು ಬಾಯಿಗಿಟ್ಟು, ನಿಲ್ಲಿಸದೆ, ತಳದ ಶುಂಠಿ ಚೂರಿನವರೆಗೂ ಕುಡಿದರು. ಮೀಸೆ ಒರೆಸಿಕೊಂಡರು. ಎಲ್ಲರೂ ಕಾದೆವು. ತೇಗು ಬಂತು, ದೊಡ್ಡದಾಗಿಯೇ ಬಂತು. ಆ ಶೆಡ್ಡಿನಲ್ಲಿ ಅದಕ್ಕಿಂತ ಅಧಿಕೃತವಾದ ಆದೇಶ ಬೇರೆ ಯಾವುದೂ ಇರಲಿಲ್ಲ.

"ಇದು ಒಂದಕ್ಕಾಯ್ತು," ಎಂದರು ಯಜಮಾನರು. "ಗೂಟದ್ದು ನಾಳೆ ಕುಡ್ಸು."

ನಾಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ಬಸವರಾಜ ಲೇತಿನ ಪಕ್ಕದ ಸ್ಟೂಲಿನ ಮೇಲೆ ಕೂತುಬಿಟ್ಟ.

ಆ ವಾರವೆಲ್ಲ ಸ್ಪ್ಯಾನರ್ ಸದ್ದು ನಿಲ್ಲಲಿಲ್ಲ. ಕೊಡೆಯಲ್ಲಿ ಒಯ್ದವರು, ಚರಂಡಿಗೆ ಹಾಕಿದವರು, ಬಟ್ಟೆ ಒಣಹಾಕಿದವರು ಎಲ್ಲರೂ ಒಬ್ಬೊಬ್ಬರಾಗಿ ಬಡಿದರು. ಗೌರಮ್ಮನವರು ಇನ್ನೊಂದು ಹಸು ಕೊಳ್ಳುವ ಮಾತಾಡತೊಡಗಿದರು. ನಾನೂ ಸಾಬರೂ ಪಂಪ್ ಕಾರ್ಖಾನೆಗೆ ಹೋಗಿ, ತಡೆಹಿಡಿದ ಮಾಲನ್ನೆಲ್ಲ ಒಂದೂ ಬಿಡದೆ ಅಳೆದು, ಇನ್ನೆರಡು ತೆಳುವಾದವನ್ನು ಹೊರಗೆ ಹಾಕಿ, ಕ್ಷಮೆ ಕೇಳಿ ಬಂದೆವು. ಆರ್ಡರು ಉಳಿಯಿತು. ಬೋರ್ಡು ಇಳಿದು, ಕೊಟ್ಟಿಗೆಯಲ್ಲಿ ಮಳೆಯ ಎರಚಲು ತಡೆಯುವ ಕೆಲಸಕ್ಕೆ ಹೋಯಿತು. ಆಯುಧಪೂಜೆಗೆ ಬಸವರಾಜ ಪರ್ಮನೆಂಟ್ ಆದ. ಮಾವ ತಾವೇ ಬಸ್ಸು ಹತ್ತಿ ಮಗಳನ್ನು ಕರೆತಂದು, ಅಳಿಯನ ಲೇತನ್ನು ಮುಟ್ಟಿ ನೋಡಿ, ಗಟ್ಟಿಯಾಗಿದೆ ಎಂದು ಒಪ್ಪಿಕೊಂಡು ಹೋದರು.

ಆ ತೆರಿಗೆಯಿಂದ ದೇಶದಲ್ಲಿ ಸಕ್ಕರೆ ಕಾಯಿಲೆ ಕಡಿಮೆಯಾಯಿತೋ ಇಲ್ಲವೋ ನಾನರಿಯೆ. ಇಬ್ರಾಹಿಂ ಸಾಬರದ್ದು ಕಡಿಮೆಯಾಯಿತು. ಡಾಕ್ಟರು ಅದಕ್ಕೆ ತಮ್ಮ ಮಾತ್ರೆ ಕಾರಣವೆಂದರು. ಮಾದನಾಯಕನಹಳ್ಳಿಯವನು ಮತ್ತೆ ಸೋಡಾ ಮಾಡಲಿಲ್ಲ. ನೀರಿನ ಕ್ಯಾನುಗಳಲ್ಲಿ ಎರಡು ಮನೆ ಕಟ್ಟಿಸಿದನೆಂದು ಕೇಳಿದ್ದೇನೆ. ಕೆಲವು ವರ್ಷಗಳ ಮೇಲೆ ದಿಲ್ಲಿಯವರು ಪ್ಯಾಕೆಟ್ ಮಜ್ಜಿಗೆಯ ಮೇಲೂ ಕಣ್ಣು ಹಾಕಿದರು. ಗೌರಮ್ಮನವರದು ಪ್ಯಾಕೆಟ್ಟಲ್ಲ, ಬಾಟಲಿ.

ಹೊರಗೆ ಹೋಗಿದ್ದ ಶಾಫ್ಟುಗಳೆಲ್ಲ ವಾಪಸ್ ಬಂದು ಕೆಂಪು ಬಳಿಸಿಕೊಂಡವು, ಒಂದರ ಹೊರತು. ಅದನ್ನು ಕೇಳಲು ಹೋದಾಗ ಗೌರಮ್ಮನವರು ಕೊಡಲಿಲ್ಲ. "ಕಿತ್ರೆ ಅಸ ಬಿಚ್ಕೊಂಡು ಓಯ್ತದೆ ಸಾಮಿ, ನಿಮ್ ಕಂಪ್ನಿ ಹುಡ್ಕೊಡ್ತದಾ?" ಎಂದರು. ಈಗ ಆ ಹಸುವಿಲ್ಲ, ಕೊಟ್ಟಿಗೆಯಿದ್ದ ಜಾಗದಲ್ಲಿ ನಾಲ್ಕಂತಸ್ತು ಎದ್ದಿದೆ, ಗೂಟ ಮಾತ್ರ ಸ್ಕೂಟರು ಹಿಡಿದುಕೊಂಡು ಅಲ್ಲೇ ನಿಂತಿದೆ. ನಮ್ಮ ಶೆಡ್ಡಿನಿಂದ ಹೋಗಿ ಹೊರಗೇ ಉಳಿದ ಅಷ್ಟೂ ಶಾಫ್ಟುಗಳಲ್ಲಿ, ನಾನು ಸಹಿ ಹಾಕದೇ ಹೋದದ್ದು ಅದೊಂದೇ. ಬಳಸಿದವರಿಂದ ಅದರ ಬಗ್ಗೆ ಇದುವರೆಗೆ ಒಂದು ದೂರೂ ಬಂದಿಲ್ಲ.